ಸಮುದ್ರಕ್ಕೊಂದು ಬಾಗಿನ

ಜಗಳೂರು ಸಂತೆಯಲ್ಲಿ ಒಂದು ಮೊರ ಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಮನೆಯಲ್ಲಿ ಹಳೆಯದು ಹರಿದಿರಬೇಕು, ಶೇಂಗಾ ಕೇರುವುದಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ಎರಡು ಕೊಂಡರೆ ಮಾತ್ರ ವಿಚಾರಣೆ ಶುರುವಾಗುತ್ತದೆ. ಜೊತೆ ಮೊರ ಎಂದರೆ ಬಾಗಿನ. ಬಾಗಿನ ಎಂದರೆ ಮುತ್ತೈದೆ. ಆ ಮುತ್ತೈದೆ ಯಾರು, ಏನು ವಿಶೇಷ, ನಮಗೇಕೆ ಹೇಳಿಲ್ಲ?

"ಯಾರಿಗ್ರೀ ಮೇಷ್ಟ್ರೇ?" ಎಂದಳು ಮೊರ ಮಾರುವ ಶಿವಗಂಗಮ್ಮ. ನಾನು ಮೇಷ್ಟ್ರಲ್ಲ, ಊರಿನ ಲೈಬ್ರರಿ ನೋಡಿಕೊಳ್ಳುವವನು. ಆದರೆ ಕನ್ನಡಕ ಹಾಕಿಕೊಂಡು ಸೈಕಲ್ಲು ತಳ್ಳುವವರನ್ನೆಲ್ಲ ಜಗಳೂರು ಮೇಷ್ಟ್ರೆಂದೇ ಕರೆಯುತ್ತಿತ್ತು.

"ನಮ್ಮ ಮನೆಯೋರಿಗೆ."

"ಕೆರೆ ಬಾಗಿನ ಮುಗಿದು ಹದಿನೈದು ದಿನ ಆತಲ್ರೀ. ಈಗ್ಯಾವ ಬಾಗಿನ?"

"ಅವಳ ತವರು ಹೊನ್ನಾಳಿ. ಹೊಳೆಗೆ ಕೊಡಬೇಕಂತೆ."

"ಹೊಳೆಗೆ ಇದು ಸಾಲ್ದು ಬಿಡ್ರಿ," ಎಂದು ಶಿವಗಂಗಮ್ಮ ಅಗಲವಾದ ಇನ್ನೊಂದು ಜೊತೆ ಎತ್ತಿಕೊಟ್ಟಳು. "ಹೊಳೆ ದೊಡ್ಡಾಕಿ. ಅವಳಿಗೆ ತಕ್ಕಂಗೆ ಇರ್ಬೇಕು."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಆಮೇಲೆ ನಾನು ಹೇಳಿದ್ದಕ್ಕೆ ಹೋಲಿಸಿದರೆ ಅದು ಒಳ್ಳೆಯ ಸುಳ್ಳು. ಅದರಿಂದ ಯಾರಿಗೂ ನೋವಾಗಲಿಲ್ಲ. ಮೊರ ಬೇಕಾಗಿದ್ದು ನನ್ನ ಅಕ್ಕ ಹೊನ್ನೂರಮ್ಮನಿಗೆ. ಅವಳು ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಆಗ ಅವಳಿಗೆ ನಲವತ್ತೆರಡು. ನಡುವಿನ ವರ್ಷಗಳನ್ನು ಶೇಂಗಾ ಮಿಲ್ಲಿನಲ್ಲಿ ಕಾಯಿ ಆರಿಸುವುದರಲ್ಲಿ ಕಳೆದಿದ್ದಳು. ಆ ಆರಿಸಿದ ಕಾಯಿಯಲ್ಲೇ ನಾನು ದಾವಣಗೆರೆಯಲ್ಲಿ ಕಾಲೇಜು ಓದಿದ್ದು.

ಎಂಬತ್ತೆರಡನೆಯ ಇಸವಿ. ಜಗಳೂರಿನಿಂದ ಎಂಟು ಮೈಲಿ ದೂರದ ನಮ್ಮ ಹಳ್ಳಿಯ ಕೆರೆ ಆ ಸಲ ಕೋಡಿ ಬಿದ್ದಿತ್ತು. ಅದು ಹೆಸರಿಗೆ ಕೆರೆ, ಉಳಿದಂತೆ ಕುರಿ ಮೇಯುವ ಬಯಲು. ಹಾಗಾಗಿ ತುಂಬಿದ ಸುದ್ದಿ ಕೇಳಿ ಎಲ್ಲೆಲ್ಲಿಗೋ ಹೋಗಿದ್ದವರೆಲ್ಲ ಬಂದರು. ನಮ್ಮೂರಿನವನೇ ಆದ ಚಿಕ್ಕಹನುಮಂತಪ್ಪ ಕರಾವಳಿಯಲ್ಲಿ ರಸ್ತೆ ಕೆಲಸ ನೋಡಿಕೊಳ್ಳುವ ನೌಕರಿಯಲ್ಲಿದ್ದ. ಅವನ ಹೆಂಡತಿ ಗಾದ್ರಮ್ಮ ಅಲ್ಲಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಮುತ್ತೈದೆಯರು ಏರಿಯ ಮೇಲೆ ಸಾಲಾಗಿ ನಿಂತು, ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕುಪ್ಪಸದ ಕಣ ಇಟ್ಟು, ಮೇಲೊಂದು ಮೊರ ಮುಚ್ಚಿ, ದಾರ ಸುತ್ತಿ, ನೀರಿಗೆ ಬಿಡಬೇಕು. ಅಕ್ಕನೂ ಏರಿಯವರೆಗೆ ಹೋದಳು. ಗಾದ್ರಮ್ಮ ಅವಳನ್ನು ನೋಡಿ, "ಹೊನ್ನೂರಕ್ಕಾ, ನೀ ಇಲ್ಲೇ ಕುಂತ್ಕೊ. ಚಪ್ಪಲಿ ಕಡೆ ಒಂಚೂರು ಕಣ್ಣಿರ್ಲಿ," ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಹೊಸ ಚಪ್ಪಲಿಗಳಿದ್ದವು, ಯಾರಾದರೂ ಕಾಯಲೇಬೇಕಿತ್ತು.

ಸಂಜೆ ಮನೆಗೆ ಬಂದ ಅಕ್ಕ, "ಮೂವತ್ತೊಂದು ಜೊತೆ ಇದ್ವು. ಒಂದೂ ಕಳೀಲಿಲ್ಲ," ಎಂದಳು.

ನನ್ನ ಹೆಂಡತಿ ನಿರ್ಮಲ ಒಲೆಯ ಕಡೆ ತಿರುಗಿದಳು. ನಾನು ಪೇಪರಿನ ಕಡೆ ತಿರುಗಿದೆ. ತಿರುಗಲು ನನಗೆ ಕಾರಣವಿತ್ತು. ಹಿಂದಿನ ತಿಂಗಳಷ್ಟೇ ಲೈಬ್ರರಿಯ ಸಭೆಯಲ್ಲಿ, ಗಂಡ ಸತ್ತವಳನ್ನು ಶುಭಕಾರ್ಯದಿಂದ ದೂರ ಇಡುವುದು ಅನಾಗರಿಕವೆಂದು ನಲವತ್ತು ನಿಮಿಷ ಮಾತಾಡಿದ್ದೆ. ಚಪ್ಪಾಳೆ ಬಿದ್ದಿತ್ತು. ಕೊನೆಯ ಬೆಂಚಿನಲ್ಲಿ ಕೂತಿದ್ದ ಅಕ್ಕ ಮನೆಗೆ ಬರುತ್ತ, "ಚಂದ ಮಾತಾಡ್ದೆ ಕಣೋ, ಒಂದ್ಸಾರೀನೂ ತಡವರಿಸ್ಲಿಲ್ಲ," ಎಂದಿದ್ದಳು.

"ಓಂಕಾರಿ, ಸಮುದ್ರ ಅಂದ್ರೆ ಯಾವಾಗ್ಲೂ ತುಂಬೇ ಇರ್ತೈತಾ?" ಎಂದು ಅಕ್ಕ ನನ್ನನ್ನು ಕೇಳಿದಳು, ಆ ರಾತ್ರಿ ಊಟ ಬಡಿಸುತ್ತ.

"ಇರುತ್ತೆ."

"ಕೋಡಿ ಬೀಳ್ಲಿ ಅಂತ ಕಾಯೋ ಹಂಗಿಲ್ಲ."

"ಇಲ್ಲ."

"ಅಲ್ಲಿ ಯಾರಿರ್ತಾರೆ?"

"ದೊಡ್ಡ ಊರು ಬಿಟ್ಟರೆ ಯಾರೂ ಇರಲ್ಲ. ಮರಳು, ನೀರು."

"ಹಂಗಾರೆ ನಾನೊಂದು ಬಾಗಿನ ಅದಕ್ಕೆ ಕೊಡ್ತೀನಿ," ಎಂದಳು ಅಕ್ಕ. "ಮದುವಿ ಆದ ವರ್ಷ ಕೆರೆ ತುಂಬಲಿಲ್ಲ. ತುಂಬೋ ಹೊತ್ತಿಗೆ ಅವ್ರಿರ್ಲಿಲ್ಲ. ಒಂದ್ಸಾರೀನೂ ಕೊಟ್ಟಿಲ್ಲ ಕಣೋ ನಾನು. ಯಾರೂ ಇಲ್ಲದ ಕಡೆ ಆದ್ರೆ ಯಾರಿಗೇನು?"

ನಾನು ಎರಡನೆಯ ಮುದ್ದೆಯನ್ನು ಮುರಿಯುವ ಮೊದಲೇ ಮಾತು ಕೊಟ್ಟೆ. ಯಾರಿದ್ದರೂ ಕೊಡಬಹುದು, ಅದು ನಿನ್ನ ಹಕ್ಕು ಎಂದೂ ಸೇರಿಸಿದೆ. ಹಕ್ಕು ಎನ್ನುವ ಮಾತು ಆ ವರ್ಷ ನನಗೆ ಬಹಳ ಇಷ್ಟವಾಗಿತ್ತು.

ದಸರಾ ರಜೆಯಲ್ಲಿ ಹೊರಟೆವು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೊನ್ನಾಳಿ ಸೇತುವೆಗೆ ಬಂದಾಗ ನಿರ್ಮಲ ತವರಿನ ಹೆಮ್ಮೆಯಿಂದ ಸೆಟೆದು ಕೂತಳು. "ನೋಡಕ್ಕಾ, ನಮ್ಮ ಹೊಳೆ."

ಅಕ್ಕ ಕಿಟಕಿಯಿಂದ ಬಗ್ಗಿ ನೋಡಿದಳು. "ಚಂದೈತೆ. ಆದ್ರೆ ನಿಲ್ಲಂಗಿಲ್ಲ, ಹೋಗ್ತಾನೇ ಐತಲ್ಲೇ."

"ಸಮುದ್ರ ಏನ್ ಮಾಡ್ತೈತೆ ಮತ್ತೆ?"

"ಅದು ಎಲ್ಲಿಗೂ ಹೋಗಲ್ಲಂತೆ. ಓಂಕಾರಿ ಹೇಳ್ದ."

"ಹೋಗಾಕೆ ಅದಕ್ಕೆ ಜಾಗ ಎಲ್ಲೈತೆ ಪಾಪ," ಎಂದಳು ನಿರ್ಮಲ. ಇಬ್ಬರೂ ನಕ್ಕರು.

ಬಾಗಿನದ ಗಂಟು ಜಗಳೂರಿನಿಂದಲೂ ಅಕ್ಕನ ತೊಡೆಯ ಮೇಲೇ ಇತ್ತು. ನ್ಯಾಮತಿಯಲ್ಲಿ ಜನ ಹತ್ತಿದಾಗ ಕಂಡಕ್ಟರ್ ಅದರ ಮೇಲೆ ಕಣ್ಣು ಹಾಕಿದ. "ಅವ್ವಾ, ಅದನ್ನ ಮೇಲಿಡ್ರಿ. ಇಲ್ಲಾ ಅದಕ್ಕೂ ಒಂದು ಟಿಕೇಟ್ ತಗಳ್ರಿ."

"ಮೇಲಿಟ್ರೆ ಬಳೆ ಒಡೀತಾವಪ್ಪಾ."

"ಯಾರಿಗೆ ಒಯ್ತೀರಿ ಬಳೆ? ಮಗಳಿಗಾ?"

"ಒಬ್ಬಾಕಿ ಅದಾಳೆ, ದೂರದಾಗೆ," ಎಂದಳು ಅಕ್ಕ. ಅಷ್ಟು ಖುಷಿಯಾಗಿ ಅವಳು ಪರಸ್ಥಳದವರ ಜೊತೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಶಿವಮೊಗ್ಗ, ಸಾಗರ ದಾಟಿ, ಘಟ್ಟ ಇಳಿದು, ಹೊನ್ನಾವರದ ಆಚೆ ಚಿಕ್ಕಹನುಮಂತಪ್ಪ ಇದ್ದ ಸಣ್ಣ ಊರು ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಅವನ ಮನೆಗೇ ಏಕೆ ಹೋದಿರಿ ಎಂದರೆ, ಆ ಕಡೆ ನಮಗೆ ಗೊತ್ತಿದ್ದ ಮನೆ ಅದೊಂದೇ. ರಾತ್ರಿ ಅಲ್ಲಿ ಮಲಗುವುದು, ಬೆಳಿಗ್ಗೆ ನಾವು ಮೂವರೇ ಸಮುದ್ರಕ್ಕೆ ಹೋಗಿ ಕೆಲಸ ಮುಗಿಸುವುದು ಎಂದು ನನ್ನ ಲೆಕ್ಕ. ಊರವರ ಮನೆಗೆ ಬಂದವರನ್ನು ಊರವರು ಅವರಷ್ಟಕ್ಕೇ ಸಮುದ್ರ ನೋಡಲು ಬಿಡುತ್ತಾರೆಯೇ? ಇಷ್ಟು ಓದಿದವನಿಗೆ ಅದು ಹೊಳೆಯಲಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ಗಾದ್ರಮ್ಮ ಬುತ್ತಿ ಕಟ್ಟಿ, ತಲೆಗೆ ಹೂ ಮುಡಿದು, ಗಂಡನನ್ನೂ ಹೊರಡಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಮೂರು ವರ್ಷದಿಂದ ಇಲ್ಲಿ ಅದೀನಿ. ನಮ್ಮ ಕಡೇರು ಒಬ್ರೂ ಬಂದಿಲ್ಲ. ನಡೀರಿ, ನಾನೇ ತೋರಿಸ್ತೀನಿ."

ಅಕ್ಕ ಗಂಟನ್ನು ಸೆರಗಿನೊಳಗೆ ಮಾಡಿಕೊಂಡಳು. ನನ್ನ ಪಕ್ಕದಲ್ಲಿ ನಡೆಯುತ್ತ, ಮೆಲ್ಲಗೆ, "ಈಗ ಹೆಂಗೋ?" ಎಂದಳು.

"ಹೆಂಗೇನು, ನಾನಿಲ್ವಾ," ಎಂದೆ.

ಗದ್ದೆಯ ಬದು, ತೆಂಗಿನ ತೋಟ, ಗಾಳಿಮರದ ಸಾಲು ದಾಟಿದರೆ ದಂಡೆ. ಒಂದು ಸೋಡಾ ಅಂಗಡಿಯಿಲ್ಲ, ಒಂದು ಬೋರ್ಡಿಲ್ಲ. ಮಗುಚಿ ಹಾಕಿದ ಒಂದು ದೋಣಿ, ಅದರ ನೆರಳಿನಲ್ಲೊಂದು ನಾಯಿ. ನಾವು ಹೊಲ ನೋಡಿದವರು. ಇಷ್ಟು ಅಗಲದ ಜಾಗ ಯಾರೂ ಉಳದೆ ಬಿದ್ದಿರುವುದನ್ನು ನೋಡಿ ಮೊದಲು ಅನ್ನಿಸುವುದು ಇದು ಯಾರ ಹೆಸರಿನಲ್ಲಿದೆ ಎಂದು. ಅಲೆಗಳು ದೂರದಲ್ಲೆಲ್ಲೋ ಎದ್ದು, ಸಾಲು ಹಿಡಿದು ಬಂದು, ದಂಡೆಗೆ ಬಿದ್ದು ಒಡೆಯುತ್ತಿದ್ದವು. ನಿರ್ಮಲ ಹೊನ್ನಾಳಿಯ ಹೊಳೆಯ ಬಗ್ಗೆ ಆಮೇಲೆ ಮಾತೆತ್ತಲಿಲ್ಲ. ಅಕ್ಕ ನೇರ ಹೋಗಿ, ಕಾಲು ಒದ್ದೆ ಮಾಡಿಕೊಂಡು, ಬೆರಳು ಅದ್ದಿ ನಾಲಿಗೆಗೆ ಇಟ್ಟಳು. "ಖರೇ ಕಣೋ! ಉಪ್ಪೇ ಐತೆ!" ಎಂದು ಕೂಗಿದಳು. ಪುಸ್ತಕದಲ್ಲಿ ಬರೆದದ್ದು ನಿಜವಾದದ್ದಕ್ಕೆ ನನ್ನನ್ನೇ ಅಭಿನಂದಿಸುವ ಹಾಗಿತ್ತು.

ನೀರಿನಲ್ಲಿ ಒಬ್ಬ ಬಿಳಿಯ ಮನುಷ್ಯನಿದ್ದ. ಮೆಕ್ಕೆಜೋಳದ ತೆನೆಗೆ ಇರುತ್ತದಲ್ಲ ಕೂದಲು, ಆ ಬಣ್ಣದ ತಲೆ. ಉದ್ದನೆಯ ಹಲಗೆಯ ಮೇಲೆ ಬೋರಲು ಮಲಗಿ ಕೈಯಿಂದ ಈಜುತ್ತ ಒಳಗೆ ಹೋಗುವನು. ದೊಡ್ಡ ಅಲೆ ಬಂದಾಗ ಹಲಗೆಯ ಮೇಲೆ ಎದ್ದು ನಿಂತು, ಅಲೆಯ ಜೊತೆಯಲ್ಲೇ ಜಾರಿಕೊಂಡು ಬರುವನು.

"ಆಸ್ಟ್ರೇಲಿಯಾದೋನಂತೆ," ಎಂದ ಚಿಕ್ಕಹನುಮಂತಪ್ಪ. "ಮೂರು ವಾರದಿಂದ ಇದೇ ಕೆಲ್ಸ."

"ಮೀನು ಹಿಡಿಯಾಕಾ?" ಎಂದಳು ಅಕ್ಕ.

"ಇಲ್ಲಕ್ಕಾ."

"ಮತ್ತೆ ಅಷ್ಟು ಒಳಗೆ ಯಾಕೆ ಹೋಗ್ತಾನೆ?"

ಚಿಕ್ಕಹನುಮಂತಪ್ಪ ಯೋಚಿಸಿದ. "ವಾಪಸ್ ಬರಾಕೆ."

"ಮದುವಿ ಆಗಿರಾಕಿಲ್ಲ ಬಿಡ್ರಿ," ಎಂದು ಗಾದ್ರಮ್ಮ ತೀರ್ಪು ಕೊಟ್ಟಳು.

ಎಲ್ಲರೂ ಚಪ್ಪಲಿ ಬಿಟ್ಟೆವು. ಅಕ್ಕ ಇನ್ನು ತಡೆಯಲಾರಳೆಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಮರಳ ಮೇಲೆ ಕೂತು ಗಂಟು ಬಿಚ್ಚಿದಳು. ಅರಿಶಿನ ಬಳಿದ ಜೊತೆ ಮೊರ ಬಿಸಿಲಿಗೆ ಹೊಳೆಯಿತು.

"ಓಹೋ, ಬಾಗಿನ!" ಎಂದಳು ಗಾದ್ರಮ್ಮ. "ಸಮುದ್ರಕ್ಕಾ? ಒಳ್ಳೆ ಬುದ್ಧಿ. ಯಾರ್ದಿದು?"

ಅಕ್ಕ ನನ್ನ ಮುಖ ನೋಡಿದಳು. ಏನನ್ನೂ ಬೇಡದವಳು ಅವಳು. ಆ ಒಂದು ಸಲ, ನನ್ನಿಂದ ಒಂದು ಮಾತು ಬರಲೆಂದು ಕಾದಳು.

ಆ ಒಂದು ಗಳಿಗೆಯಲ್ಲಿ ನಾನು ಏನೇನು ಯೋಚಿಸಿದೆನೆಂದು ಈಗಲೂ ಹೇಳಬಲ್ಲೆ. ಗಾದ್ರಮ್ಮನಿಗೆ ತಿಳಿದ ಸುದ್ದಿ ನಮಗಿಂತ ಮೊದಲು ಊರು ಸೇರುತ್ತದೆ. ವಿಧವೆಯ ಕೈಯಲ್ಲಿ ಬಾಗಿನ ಕೊಡಿಸಿದವನೆಂದು ಕಟ್ಟೆಯ ಮೇಲೆ ಕೂತವರು ಆಡಿಕೊಳ್ಳುತ್ತಾರೆ. ಮುಂದಿನ ವರ್ಷ ಕೆರೆ ತುಂಬದಿದ್ದರೆ ಅದೂ ನನ್ನ ತಲೆಗೇ. ಸಭೆಯಲ್ಲಿ ಚಪ್ಪಾಳೆ ತಟ್ಟಿದವರೆಲ್ಲ ಕಟ್ಟೆಯ ಮೇಲೂ ಇರುತ್ತಾರೆ ಎಂಬುದು ನನಗೆ ಗೊತ್ತಿತ್ತು.

"ನಿರ್ಮಲಂದು," ಎಂದೆ.

ನಿರ್ಮಲ ನನ್ನ ಕಡೆ ತಿರುಗಿದಳು. ಏನೋ ಹೇಳಲು ಬಾಯಿ ತೆರೆದಳು. ಅಕ್ಕ ಅದಕ್ಕೆ ಅವಕಾಶ ಕೊಡಲಿಲ್ಲ. ಮೊರವನ್ನು ಎತ್ತಿ ಅವಳ ಕೈಗಿಟ್ಟು, "ತಗಳವ್ವಾ, ನಿಂದೇ," ಎಂದಳು. ಆಮೇಲೆ ಹಿಂದೆ ಹಿಂದೆ ಸರಿದು, ಯಾರೂ ಹೇಳದಿದ್ದರೂ, ನಾವು ಚಪ್ಪಲಿ ಬಿಟ್ಟಿದ್ದ ಜಾಗಕ್ಕೆ ಹೋಗಿ ನಿಂತಳು.

ಅಲ್ಲಿ ಕದಿಯುವವರು ಯಾರೂ ಇರಲಿಲ್ಲ. ನಾಯಿ ಕೂಡ ನಿದ್ದೆಯಲ್ಲಿತ್ತು.

ನಿರ್ಮಲ ಮೊಣಕಾಲು ನೀರಿಗೆ ಇಳಿದು ಮೊರ ಬಿಟ್ಟಳು. ಗಾದ್ರಮ್ಮ ಕೈಮುಗಿದಳು. ಮೊರ ನಾಲ್ಕು ಮಾರು ಹೋಯಿತು. ಒಂದು ಅಲೆ ಎದ್ದಿತು, ಅದನ್ನು ಎತ್ತಿಕೊಂಡಿತು, ತಂದು ನಿರ್ಮಲಳ ಕಾಲಿನ ಬಳಿಯೇ ಇಟ್ಟು ಹೋಯಿತು.

ಕೆರೆಯವರು ನಾವು. ನೀರಿಗೆ ಬಿಟ್ಟದ್ದು ನೀರಿನದು. ನಿಧಾನವಾಗಿ ನಡುವಿಗೆ ಹೋಗಿ, ನೆನೆದು, ಮುಳುಗುತ್ತದೆ. ಕೊಟ್ಟದ್ದನ್ನು ಹಿಂದಕ್ಕೆ ತಂದು ಇಡುವ ನೀರನ್ನು ನಾವು ಕಂಡವರಲ್ಲ. ಎರಡನೆಯ ಸಲ ಬಿಟ್ಟಾಗಲೂ ಬಂತು. ಮೂರನೆಯ ಸಲ ದೊಡ್ಡ ಅಲೆಯೇ ಬಂದು ದಾರ ಕಿತ್ತುಹಾಕಿತು. ಅಕ್ಕಿ ಬೇಳೆ ನೊರೆಯಲ್ಲಿ ಚೆಲ್ಲಿ ಹೋಯಿತು. ತೆಂಗಿನಕಾಯಿ ಮರಳಿನಲ್ಲಿ ಉರುಳಿತು. ಒಂದು ಮೊರ ದಂಡೆಗೆ ಬಿತ್ತು, ಇನ್ನೊಂದನ್ನು ಬಳೆಗಳ ಸಮೇತ ಅಲೆ ಒಳಗೆ ಎಳೆದುಕೊಂಡು ಹೋಯಿತು.

ಗಾದ್ರಮ್ಮನ ಮುಖ ಬಿಳಿಚಿಕೊಂಡಿತು. "ಗಂಗಮ್ಮ ಒಲ್ಲೆ ಅಂತಾಳಲ್ರೀ. ಮುತ್ತೈದೆ ಬಾಗಿನ ತಿರುಗಿ ಬಂದ್ರೆ..." ಎಂದವಳು ನನ್ನ ಕಡೆ ನೋಡಿ ನಿಲ್ಲಿಸಿದಳು. ಮುತ್ತೈದೆಯ ಬಾಗಿನ ತಿರುಗಿ ಬಂದರೆ ಕುತ್ತು ಯಾರಿಗೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. "ಯಾರು ಕಟ್ಟಿದ್ದು ಇದನ್ನ? ಹೊನ್ನೂರಕ್ಕ ಏನಾರಾ ಮುಟ್ಟಿದ್ಲಾ?"

"ಇಲ್ಲ, ಇಲ್ಲ," ಎಂದೆ. "ಅವಳು ಬರೀ ಹೊತ್ತುಕೊಂಡು ಬಂದಳು, ಅಷ್ಟೇ."

ಅಕ್ಕ ಹತ್ತು ಮಾರು ದೂರದಲ್ಲಿದ್ದಳು. ಗಾಳಿ ಸಮುದ್ರದ ಕಡೆಯಿಂದ ಅವಳ ಕಡೆಗೆ ಬೀಸುತ್ತಿತ್ತು. ನನ್ನ ಮಾತು ಒಂದಕ್ಷರವೂ ಬಿಡದೆ ಅವಳಿಗೆ ತಲುಪಿರುತ್ತದೆ.

ಅಷ್ಟರಲ್ಲಿ ಹಲಗೆಯ ಮನುಷ್ಯ ನೀರಿನಿಂದ ಎದ್ದು ಬಂದ. ಕಂಕುಳಲ್ಲಿ ಹಲಗೆ, ಕೈಯಲ್ಲಿ ಆ ಇನ್ನೊಂದು ಮೊರ, ಬೆರಳುಗಳಿಗೆ ಸಿಕ್ಕಿಸಿಕೊಂಡ ಹಸಿರು ಬಳೆಗಳು. ನಮ್ಮೆಲ್ಲರನ್ನೂ ನೋಡಿ, ಪ್ಯಾಂಟು ಕನ್ನಡಕದವನು ನಾನೊಬ್ಬನೇ ಆದ್ದರಿಂದ ನನ್ನ ಬಳಿಗೆ ಬಂದ. ಇದು ಯಾರದು ಎಂದು ಇಂಗ್ಲಿಷಿನಲ್ಲಿ ಕೇಳಿದ.

ನಾನು ಹೇಳಿದೆ. ಇದು ನನ್ನ ಅಕ್ಕನದು. ಅಲ್ಲಿ ನಿಂತಿದ್ದಾಳಲ್ಲ, ಅವಳದು. ಅವಳು ವಿಧವೆ. ನಮ್ಮಲ್ಲಿ ವಿಧವೆಯರು ನೀರಿಗೆ ಇದನ್ನು ಕೊಡುವಂತಿಲ್ಲ. ಜೀವನದಲ್ಲಿ ಒಂದು ಸಲ ಕೊಡಬೇಕೆಂದು ಅವಳಿಗೆ ಆಸೆ. ಅದಕ್ಕೇ ಇಷ್ಟು ದೂರ ಬಂದಿದ್ದೇವೆ. ಎಲ್ಲವನ್ನೂ ಹೇಳಿದೆ, ಒಳ್ಳೆಯ ಇಂಗ್ಲಿಷಿನಲ್ಲಿ, ಒಂದು ಸಲವೂ ತಡವರಿಸದೆ. ಪಕ್ಕದಲ್ಲೇ ಗಾದ್ರಮ್ಮ ನಿಂತಿದ್ದಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಅವನು ನೊರೆಯಲ್ಲಿ ನಿಂತಿದ್ದ ನಿರ್ಮಲಳನ್ನು ನೋಡಿದ, ಅಕ್ಕನನ್ನು ನೋಡಿದ. "ಹಾಗಾದರೆ ಅವರೇಕೆ ಅಷ್ಟು ದೂರ ನಿಂತಿದ್ದಾರೆ?" ಎಂದ. ಕೊಂಕೇನೂ ಇಲ್ಲ, ತಿಳಿಯದೆ ಕೇಳಿದ. ನನ್ನ ಇಂಗ್ಲಿಷ್ ಅಲ್ಲಿಗೆ ಮುಗಿದುಹೋಯಿತು.

ಅವನು ಉತ್ತರಕ್ಕೆ ಕಾಯಲಿಲ್ಲ. ಮರಳಿನಲ್ಲಿ ನಡೆದುಹೋಗಿ, ಮೊರವನ್ನೂ ಬಳೆಗಳನ್ನೂ ಎರಡೂ ಕೈಯಲ್ಲಿ ಹಿಡಿದು ಅಕ್ಕನಿಗೆ ಕೊಟ್ಟ.

"ಅವಳಿಗ್ಯಾಕೆ ಕೊಡ್ತಾನೆ?" ಎಂದಳು ಗಾದ್ರಮ್ಮ.

ಅಕ್ಕ ಬಳೆಗಳನ್ನು ಮೊರದೊಳಗೆ ಹಾಕಿಕೊಂಡಳು. ಆಮೇಲೆ ಚಪ್ಪಲಿಗಳ ಕಾವಲು ಬಿಟ್ಟು ನಮ್ಮ ಕಡೆ ನಡೆದು ಬಂದಳು. "ನಂದೇ ಕಣೇ ಗಾದ್ರಿ," ಎಂದಳು. "ನಿರ್ಮಲಂದಲ್ಲ. ನಾನೇ ಕಟ್ಟಿದ್ದು, ನಾನೇ ಕೊಡಾಕೆ ಬಂದಿದ್ದು. ಬ್ಯಾಡ ಅನ್ನೋದಿದ್ರೆ ಈಗ್ಲೇ ಅಂದುಬಿಡು."

ಗಾದ್ರಮ್ಮ ಅವಳನ್ನೂ ನನ್ನನ್ನೂ ನಿರ್ಮಲಳನ್ನೂ ಸರದಿಯಲ್ಲಿ ನೋಡಿದಳು. ಚಿಕ್ಕಹನುಮಂತಪ್ಪ ಸಮುದ್ರವನ್ನು ಮೊದಲ ಸಲ ನೋಡುವವನಂತೆ ನೋಡತೊಡಗಿದ.

"ಊರಾಗಾಗಿದ್ರೆ ನಾನೇ ಬ್ಯಾಡ ಅಂತಿದ್ದೆ," ಎಂದಳು ಗಾದ್ರಮ್ಮ ಕೊನೆಗೆ. "ಇಲ್ಲಿ ಯಾರು ನೋಡಾಕೆ ಬರ್ತಾರೆ, ಆ ಬೆತ್ತಲೆ ಸಾಹೇಬ ಬಿಟ್ರೆ? ಮದ್ಲೇ ಬಾಯಿಬಿಟ್ಟು ಹೇಳಬಾರ್ದೇನಕ್ಕಾ, ನಮ್ಮನಿ ಅಕ್ಕೀನೇ ಒಂದು ಸೇರು ತರ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿ, "ಓದಿದೋರು ನೀವು. ನಿಮಗೇನಾಗಿತ್ರೀ ಹೇಳಾಕೆ?" ಎಂದಳು.

ನಾನು ಎಷ್ಟೊಂದು ಹೆದರಿದ್ದ ಬಾಯಿ ಅದು.

ಹೆಂಗಸರು ಮೂವರೂ ಮರಳ ಮೇಲೆ ಕೂತು ಉಳಿದದ್ದನ್ನು ಒಟ್ಟು ಮಾಡಿದರು. ಗಾದ್ರಮ್ಮ ತಲೆಯ ಹೂವಿನಲ್ಲಿ ಅರ್ಧ ಕಿತ್ತು ಮೊರದೊಳಗೆ ಇಟ್ಟಳು. ನಿರ್ಮಲ ಕಣವನ್ನು ಹಿಂಡಿ ಮಡಿಸಿದಳು. ದಾರ ಹೋಗಿತ್ತು, ಅಕ್ಕ ಸೀರೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಉದ್ದಕ್ಕೆ ಹರಿದು ಕಟ್ಟಿದಳು. ಅಲೆ ಒಡೆಯುವ ಜಾಗ ದಾಟಿಸಿ ಬಿಟ್ಟರೆ ತಿರುಗಿ ಬರುವುದಿಲ್ಲ ಎಂದು ಹಲಗೆಯ ಮನುಷ್ಯ ಕೈಸನ್ನೆಯಲ್ಲೇ ಅಕ್ಕನಿಗೆ ತಿಳಿಸಿದ. ನನ್ನನ್ನು ಮಧ್ಯಕ್ಕೆ ಕರೆಯಲಿಲ್ಲ. ಅಕ್ಕ ಸೊಂಟದವರೆಗೆ ನೀರಿಗೆ ಇಳಿದು, ಕಣ್ಣು ಮುಚ್ಚಿ ಬೇಡಿಕೊಂಡು, ಬಾಗಿನವನ್ನು ಅವನ ಹಲಗೆಯ ಮೇಲೆ ಇಟ್ಟಳು. ಅವನು ಗದ್ದದಿಂದ ಅದನ್ನು ಒತ್ತಿ ಹಿಡಿದು ಈಜುತ್ತ ಹೋದ. ಅಲೆಯ ಸಾಲಿನಾಚೆ ಒಂದು ಚುಕ್ಕೆ ತೇಲುವುದನ್ನು ಅವಳು ಬಹಳ ಹೊತ್ತು ನೋಡಿದಳು. ಚಿಕ್ಕಹನುಮಂತಪ್ಪ ಕೂಡ ಕೈಮುಗಿದ. ನಾನು ದಂಡೆಯ ಮೇಲೆ, ಒಣ ಕಾಲಿನಲ್ಲಿ, ನಿಂತಿದ್ದೆ.

ಊಟಕ್ಕೆ ಕೂತಾಗ ನಿರ್ಮಲ ನನಗೆ ರೊಟ್ಟಿ ಹಾಕುತ್ತ, ಬೇರೆಯವರಿಗೆ ಕೇಳದಂತೆ, "ನನ್ನ ಹೆಸ್ರು ಹೇಳಾಕೆ ನಿಮಗೆ ಎಷ್ಟು ಸಲೀಸ್ರೀ," ಎಂದಳು. ಅಷ್ಟೇ.

ಮರುದಿನ ವಾಪಸ್ಸು ಹೊರಡುವಾಗ ಗಾದ್ರಮ್ಮ, ಚಿಕ್ಕಹನುಮಂತಪ್ಪ ಬಸ್ಸಿನವರೆಗೆ ಬಂದರು. ಬಸ್ಸು ತುಂಬಿತ್ತು. ಅಕ್ಕನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಅವಳ ಪಕ್ಕ ನಾನು. ಹಿಂದಿನ ದಿನದಿಂದಲೂ ಅವಳು ನನ್ನನ್ನು ಒಂದು ಮಾತೂ ಅಂದಿರಲಿಲ್ಲ. ಅನ್ನುವುದೇ ಇಲ್ಲವೇನೋ ಎಂದು ನಾನು ಹೇಡಿಯ ಹಾಗೆ ಸಮಾಧಾನಪಟ್ಟುಕೊಳ್ಳುತ್ತಿದ್ದೆ.

"ಓಂಕಾರಿ," ಎಂದಳು, "ಆ ಸಾಹೇಬ ಕೇಳ್ದಾಗ ಏನಂತ ಹೇಳ್ದೆ?"

"ಯಾರದು ಅಂತ ಕೇಳ್ದ."

"ಅದು ಗೊತ್ತಾತು. ನೀ ಏನಂದೆ?"

"ನಿನ್ನದು ಅಂದೆ."

"ಅವನ ಮಾತಿನಾಗಾ?"

"ಹೂಂ."

"ಹೆಂಗೆ ಹೇಳ್ದೆ, ಅದೇ ಮಾತಿನಾಗೆ ಹೇಳು, ಕೇಳ್ತೀನಿ."

ಹೇಳಿದೆ. ಮುಂದಿನ ಸೀಟಿನವರು ತಿರುಗಿ ಮೆಚ್ಚುಗೆಯಿಂದ ನೋಡಿದರು. ಅಕ್ಕ ತಲೆಯಾಡಿಸಿದಳು.

"ಇಂಗ್ಲೀಷಿನಾಗೆ ಚಂದ ಕೇಳ್ತೈತೆ. ಈಗ ನಮ್ಮ ಮಾತಿನಾಗೆ ಹೇಳು. ಗಾದ್ರಿ ಅಲ್ಲೇ ನಿಂತಾಳೆ. ಅವಳಿಗೂ ಕೇಳ್ಲಿ."

ಕಿಟಕಿಯ ಹೊರಗೆ ಗಾದ್ರಮ್ಮ ನಿಂತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಹೇಳುವುದರಿಂದ ಇನ್ನು ಹೋಗುವಂಥದ್ದು ಏನೂ ಇರಲಿಲ್ಲ. ಆದರೂ ನಾನು ಮೊದಲು ಸುತ್ತ ನೋಡಿದೆ, ನಮ್ಮ ಕಡೆಯವರು ಇನ್ನಾರಾದರೂ ಬಸ್ಸಿನಲ್ಲಿ ಇದ್ದಾರೆಯೇ ಎಂದು. ಅಕ್ಕ ನಾನು ನೋಡುವುದನ್ನು ನೋಡಿದಳು.

"ಅದು ನಮ್ಮಕ್ಕನ ಬಾಗಿನ," ಎಂದೆ. ಅಷ್ಟರಲ್ಲಿ ಡ್ರೈವರ್ ಎಂಜಿನ್ ಹಚ್ಚಿದ. ನನ್ನ ಮಾತು ಆ ಸದ್ದಿನಲ್ಲಿ ಎಲ್ಲಿ ಹೋಯಿತೋ. ನನಗೆ ಹಾಯೆನಿಸಿತು, ಹಾಯೆನಿಸಿದ್ದನ್ನೇ ನನಗೆ ಇವತ್ತಿಗೂ ಮರೆಯಲಾಗಿಲ್ಲ.

"ಏನಂದ್ರಿ?" ಎಂದು ಗಾದ್ರಮ್ಮ ಕೆಳಗಿನಿಂದ ಕಿವಿಗೆ ಕೈಯಿಟ್ಟು ಕೂಗಿದಳು.

"ಏನಿಲ್ಲ ಕಣೇ," ಎಂದು ಅಕ್ಕ ಕೂಗಿದಳು. "ಹೋಗಿ ಬರ್ತೀವಿ ಅಂತಾನೆ."